ತಾರಸಿಯ ಮೇಲೆ ಐದನೆಯ ಫ್ರೇಮು

ನಾಲ್ಕು ಹಾಳಾಗಿದ್ದವು. ಒಂದು ಮಾತ್ರ ನೆಟ್ಟಗಿತ್ತು.

"ಮೇಡಂ, ಹೆಣ ಬಿದ್ದ ಜಾಗ ಬಿಟ್ಟು ಇಪ್ಪತ್ತು ನಿಮಿಷದಿಂದ ಈ ಪ್ಲಾಸ್ಟಿಕ್ ನೋಡ್ತಾ ಇದ್ದೀರಿ" ಎಂದರು ಪಿಎಸ್‌ಐ ಮೋಹನ.

ಅವರ ಸ್ವರದಲ್ಲಿ ಬೇಸರವಿತ್ತು. ಆದರೆ ನನ್ನನ್ನು ತಾರಸಿಯಿಂದ ಇಳಿಸುವಷ್ಟು ಧೈರ್ಯವಿರಲಿಲ್ಲ. ಬೇಕೆಂದೇ ಮುಳುಗಿಸಿದ ಎರಡು ಬೋಟುಗಳ ಕೇಸಿನಲ್ಲಿ ನಾನು ಬರೆದ ರಿಪೋರ್ಟು ಅವರ ಮಾನ ಉಳಿಸಿತ್ತು. ಮೂವತ್ತೊಂದು ವರ್ಷ ಇನ್ಶೂರೆನ್ಸ್ ಸರ್ವೇಯರ್ ಆಗಿದ್ದವಳು ನಾನು, ಕಲ್ಪನಾ. ಸುಟ್ಟ ಅಂಗಡಿ, ಒಡೆದ ಗಾಡಿ, ಮುಳುಗಿದ ಬೋಟು ನೋಡಿಯೇ ತಲೆ ನರೆತಿದೆ. ಮನುಷ್ಯರ ಮಾತನ್ನು ನಂಬುವ ಅಭ್ಯಾಸ ನನಗೆ ಇಲ್ಲ. ಹಾಳಾದ ಸಾಮಾನು ಹೇಳುವುದನ್ನು ನಂಬುತ್ತೇನೆ.

ನಿನ್ನೆ, ಬುಧವಾರ ಸಂಜೆ ಐದಕ್ಕೆ, ರೇಡಿಯೋ ಮಾಬ್ಲ ಹೊನ್ನಾವರದ ಈ ಮನೆಯ ಹಿಂಬದಿಯಲ್ಲಿ, ತಾರಸಿಗೆ ಹತ್ತುವ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಆರೂವರೆಗೆ ಪೊಲೀಸರು, ಬೆಳಿಗ್ಗೆ ಹನ್ನೊಂದಕ್ಕೆ ಅವನೊಂದಿಗೆ ಜಗಳವಾಡಿದ್ದ, ರಿಕ್ಷಾ ಓಡಿಸುವ ಸಂಜಯನನ್ನು ಹಿಡಿದರು. ಇವತ್ತು ಬೆಳಗಾಗುವಾಗ ಸಂಜಯನ ಹೆಂಡತಿ ಚಂದನಾ ನನ್ನ ಬಾಗಿಲು ಬಡಿದಳು. ಸಂಜೆ ನಾಲ್ಕಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಏನಾದರೂ ಸಿಗದಿದ್ದರೆ ಅವನು ಸೀದಾ ಕಾರವಾರದ ಜೈಲಿಗೆ.

ಈಗ ಗಂಟೆ ಒಂಬತ್ತೂಕಾಲು.

"ಮೋಹನ್, ಇಲ್ಲಿ ಬನ್ನಿ. ಬಗ್ಗಿ ನೋಡಿ."

ಅವರು ಬಗ್ಗಿದರು.

ಅಲ್ಯುಮಿನಿಯಂ ತಗಡಿನ ಮೇಲೆ ನಾಲ್ಕು ಪ್ಲಾಸ್ಟಿಕ್ ಫ್ರೇಮುಗಳಿದ್ದವು. ಹಳೆಯ ಟೂ-ಇನ್-ವನ್ ಟೇಪ್ ರೆಕಾರ್ಡರುಗಳ ಮುಂಭಾಗದವು. ಎಂಬತ್ತರ ದಶಕದಲ್ಲಿ ದುಬೈಗೆ ಹೋದವರು ಹೆಗಲ ಮೇಲೆ ಹೊತ್ತು ತಂದ ಆ ಪೆಟ್ಟಿಗೆಗಳು ಭಟ್ಕಳದಿಂದ ಕುಮಟೆಯವರೆಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಕೂತಿವೆ. ಅವುಗಳ ಬಿಳಿ ಪ್ಲಾಸ್ಟಿಕ್ಕು ಮೂವತ್ತು ನಲವತ್ತು ವರ್ಷಕ್ಕೆ ಬೀಡಿ ಸೇದುವವನ ಹಲ್ಲಿನ ಬಣ್ಣಕ್ಕೆ ಬರುತ್ತದೆ. ಮುಟ್ಟಿದರೆ ಮೂಲೆ ಮುರಿಯುತ್ತದೆ. ಮುರಿದದ್ದನ್ನು ಕೂಡಿಸಿ, ಹಳದಿಯಾದದ್ದನ್ನು ಬೆಳ್ಳಗೆ ಮಾಡಿ ಕೊಡುವುದೇ ಮಾಬ್ಲನ ಕಸುಬು. ಹೋದ ವರ್ಷ ನನ್ನ ಅಪ್ಪನ ರೇಡಿಯೋ ಕೊಟ್ಟು ಇದೇ ತಾರಸಿಯಲ್ಲಿ ಅರ್ಧ ದಿನ ಕೂತಿದ್ದೆ. 'ಮುಟ್ಟಬೇಡಿ ಬಾಯೋರೆ' ಎಂದು ಅವನಿಂದ ನಾಲ್ಕು ಸಲ ಬೈಸಿಕೊಂಡಿದ್ದೆ. ಒರಟ, ಆದರೆ ಕೆಲಸದಲ್ಲಿ ಮೋಸವಿಲ್ಲದ ಮನುಷ್ಯ. ಅವನು ಹೋದದ್ದು ನನಗೆ ನಿಜವಾಗಿ ಬೇಸರ ತಂದಿತ್ತು.

"ಪಾರ್ಲರಿನಲ್ಲಿ ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಕ್ರೀಮು ಇದಕ್ಕೆ ಬಳಿಯುತ್ತಾರೆ" ಎಂದೆ. "ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡುತ್ತಾರೆ. ಅರ್ಧ ಗಂಟೆಗೊಮ್ಮೆ ಮಗುಚಬೇಕು, ಕ್ರೀಮು ಸವರಬೇಕು. ಮಗುಚದೆ ಬಿಟ್ಟರೆ ಕ್ರೀಮು ಒಣಗಿ ಹೀಗೆ ಸುಣ್ಣದ ಗೀಟು ಬೀಳುತ್ತದೆ. ಆಮೇಲೆ ಅದನ್ನು ದೇವರೂ ಸರಿಮಾಡಲಾರ."

ನಾಲ್ಕೂ ಫ್ರೇಮುಗಳ ಒಂದು ಮಗ್ಗುಲಲ್ಲಿ ಬಿಳಿಯ ಗೀಟುಗಳಿದ್ದವು. ಇನ್ನೊಂದು ಮಗ್ಗುಲು ಇನ್ನೂ ಹಳದಿ.

"ಆತಲ್ಲ ಮೇಡಂ? ಹನ್ನೊಂದಕ್ಕೆ ಸಂಜಯ ಅವನನ್ನು ದೂಡಿದ. ಅವ ಸತ್ತ. ಮಗುಚುವವರಿಲ್ಲ, ಇವು ಹಾಳಾದವು. ನನ್ನ ಕೇಸಿಗೆ ಇನ್ನೂ ಒಳ್ಳೇದಾತು."

"ಐದನೆಯದು?"

ಐದನೆಯ ಫ್ರೇಮು ತಗಡಿನ ಮೇಲಿರಲಿಲ್ಲ. ನೀರಿನ ಟ್ಯಾಂಕಿನ ನೆರಳಿನಲ್ಲಿ, ಹಳೆಯ ಬನಿಯನ್ನಿನ ತುಂಡಿನ ಮೇಲೆ ಬೋರಲಾಗಿ ಮಲಗಿತ್ತು. ಎತ್ತಿ ತೋರಿಸಿದೆ. ಮುಂದೆ ಹಿಂದೆ, ನಾಲ್ಕೂ ಅಂಚು, ಗುಂಡಿಗಳು ಕೂರುವ ತೂತಿನ ಒಳಗೂ ಒಂದೇ ಬಣ್ಣ. ಕಾಯಿಹಾಲಿನ ಬಣ್ಣ. ಒಂದು ಗೀಟಿಲ್ಲ. ಮುರಿದ ಎಡಮೂಲೆಯನ್ನು ಹೊಸದಾಗಿ ಕಟ್ಟಿದ್ದು ಒಳಮೈ ಸವರಿದರಷ್ಟೇ ತಿಳಿಯುತ್ತಿತ್ತು.

ಮೋಹನ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಬುದ್ಧಿ ಇಲ್ಲದವರೇನಲ್ಲ ಅವರು, ಸ್ವಲ್ಪ ಅವಸರ ಅಷ್ಟೆ.

"ಇದು ಹನ್ನೊಂದಕ್ಕೇ ಬೆಳ್ಳಗಾಗಿರಬಹುದು" ಎಂದರು ಕೊನೆಗೆ.

"ನೋಡಿಯೇ ಬಿಡೋಣ."

ಕೆಳಗೆ ಮಾಬ್ಲನ ಕೋಣೆಯಲ್ಲಿ ಅದೇ ಸೆಟ್ಟಿನ ಹಿಂಬದಿಯ ಮುಚ್ಚಳವಿತ್ತು. ಅದೇ ಪ್ಲಾಸ್ಟಿಕ್ಕು, ಅದೇ ಹಳದಿ. ಅವನದೇ ಡಬ್ಬದ ಕ್ರೀಮು ಬಳಿದೆ, ಹಾಳೆ ಸುತ್ತಿದೆ, ಒಂಬತ್ತೂವರೆಗೆ ಸರಿಯಾಗಿ ಬಿಸಿಲಿಗಿಟ್ಟೆ. ನಿನ್ನೆ ಮಾಬ್ಲ ಇಟ್ಟದ್ದೂ ಒಂಬತ್ತೂವರೆಗೆ. ಪಕ್ಕದ ಮನೆಯ ಸಣ್ಣಮ್ಮ ಬಟ್ಟೆ ಹರವುವಾಗ ಕಂಡಿದ್ದಳು. ಇವತ್ತಿನ ಬಿಸಿಲೂ ನಿನ್ನೆಯಂಥದೇ, ಆಕಾಶದಲ್ಲಿ ಮೋಡದ ಚೂರೂ ಇಲ್ಲ.

ಮಗುಚುವ ನಡುವೆ ಸಣ್ಣಮ್ಮನ ಹತ್ತಿರ ಮಾತಾಡಿದೆ. ಅವಳು ಎರಡು ಮನೆಗಳ ನಡುವಿನ ಪಾಗಾರದ ಗೋಡೆಯಾಚೆ ನಿಂತು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು.

"ಹನ್ನೊಂದಕ್ಕೆ ಕೂಗಾಟ ಕೇಳ್ತು ಬಾಯೋರೆ. ಆ ಸಂಜಯ ಹುಚ್ಚು ಹಿಡಿದವ್ರ ಹಾಗೆ ಕೂಗ್ತಿದ್ದ. ಆಮೇಲೆ ದಡಲ್ ಅಂತ ಶಬ್ದ. ಆಮೇಲೆ ಅವ ರಿಕ್ಷಾ ಹತ್ತಿ ಓಡ್ದ."

"ನೀವು ಹೋಗಿ ನೋಡಲಿಲ್ಲವಾ?"

"ನಂಗೆ ಮಾವಳ್ಳಿಗೆ ಹೋಗೂದಿತ್ತು, ಮಗಳ ಮನೆಗೆ. ಬಸ್ಸು ತಪ್ತದೆ ಅಂತ ಓಡ್ದೆ. ಮಾಬ್ಲಣ್ಣ ದಿನಾ ಎಂತಾರೂ ಬೀಳಿಸ್ತಿದ್ದ, ಎಂತದೋ ಪೆಟ್ಟಿಗೆ ಬಿತ್ತು ಅಂದ್ಕೊಂಡೆ." ಅವಳು ಬಟ್ಟೆಯ ತಂತಿಯ ಕಡೆ ಕೈ ತೋರಿಸಿದಳು. "ಐದಕ್ಕೆ ಬಂದು ಒಣಗಿದ ಬಟ್ಟೆ ತೆಗೀಲಿಕ್ಕೆ ಹಿಂದೆ ಹೋದೆ. ನೋಡಿದ್ರೆ ಮೆಟ್ಲ ಬುಡದಲ್ಲಿ…"

ಸಂಜಯ ಕೂಗಾಡಿದ್ದು ಯಾಕೆಂದು ಚಂದನಾ ಬೆಳಿಗ್ಗೆಯೇ ಹೇಳಿದ್ದಳು. ತೀರಿಹೋದ ತಾಯಿಯ ಟೂ-ಇನ್-ವನ್ನನ್ನು ಅವನು ರಿಪೇರಿಗೆ ಕೊಟ್ಟಿದ್ದ. ಹಾಡು ಹಾಕುವ ಗುಂಡಿಯ ಸುತ್ತ ಆ ತಾಯಿಯ ಅರಿಸಿನದ ಬೆರಳಿನ ಕಲೆಯಿತ್ತು, ಅಡಿಗೆ ಮಾಡುತ್ತಲೇ ಬಂದು ಒತ್ತುತ್ತಿದ್ದಳಂತೆ. ಮಾಬ್ಲ ಅದನ್ನೂ ಸೇರಿಸಿ ಎಲ್ಲ ಬೆಳ್ಳಗೆ ಮಾಡಿಬಿಟ್ಟಿದ್ದ. ಚೊಕ್ಕ ಕೆಲಸ ಮಾಡಿ ಶಹಬ್ಬಾಸ್‌ಗಿರಿಗೆ ಕಾದವನಿಗೆ ಸಿಕ್ಕಿದ್ದು ಬೈಗುಳ. ಇಬ್ಬರದೂ ತಪ್ಪಲ್ಲ. ಜಗಳ ಮಾತ್ರ ಆಗಿಹೋಯಿತು.

ಹನ್ನೊಂದಕ್ಕೆ ನನ್ನ ಮುಚ್ಚಳದ ಹಾಳೆ ಬಿಡಿಸಿದೆ. ಮೂರು ಸಲ ಮಗುಚಿದ್ದೆ, ಗೀಟಿರಲಿಲ್ಲ. ಆದರೆ ಬಣ್ಣ ಇನ್ನೂ ಅರಿಸಿನದ ನೀರಿನಂತೆಯೇ ಇತ್ತು.

"ನೋಡಿ. ಹನ್ನೊಂದಕ್ಕೆ ಇಷ್ಟೇ ಆಗುವುದು. ಆ ಐದನೆಯದು ಆ ಬಣ್ಣಕ್ಕೆ ಬರಲು ಕಡಿಮೆಯೆಂದರೆ ನಾಲ್ಕು ಗಂಟೆ ಬೇಕು. ಅಂದರೆ ಒಂದೂವರೆಯವರೆಗೆ ಯಾರೋ ಇಲ್ಲಿ ಕೂತು ಅದನ್ನು ಮಗುಚಿದ್ದಾರೆ. ಆಮೇಲೆ ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಿದ್ದಾರೆ."

"ಮಾಬ್ಲನೇ ಮಾಡಿರಬಹುದು."

"ಮಾಬ್ಲನಾಗಿದ್ದರೆ ಐದನ್ನೂ ಮಗುಚುತ್ತಿದ್ದ. ಮಾಬ್ಲನೇ ಮಾಡಿದ್ದು ಎಂದೇ ಇಟ್ಟುಕೊಳ್ಳಿ, ಹಾಗಾದರೆ ಹನ್ನೊಂದಕ್ಕೆ ಅವನು ಸತ್ತಿರಲಿಲ್ಲ. ಸಂಜಯ ಹನ್ನೊಂದೂಕಾಲಕ್ಕೆ ಬಸ್‌ಸ್ಟ್ಯಾಂಡಿನಿಂದ ಪ್ಯಾಸೆಂಜರ್ ಹತ್ತಿಸಿಕೊಂಡು ಭಟ್ಕಳಕ್ಕೆ ಹೋದ, ಮೂರೂವರೆಗೆ ವಾಪಸು ಬಂದ. ಅದು ನೀವೇ ವಿಚಾರಿಸಿ ಬರೆದುಕೊಂಡದ್ದು."

ಮೋಹನ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಸಾವು ಹನ್ನೊಂದರಿಂದ ಮೂರರ ನಡುವೆ ಆಗಿದೆ ಎಂದಷ್ಟೇ ಡಾಕ್ಟರು ಸದ್ಯಕ್ಕೆ ಹೇಳಿದ್ದು.

ನಾವಿಬ್ಬರೂ ಒಮ್ಮೆ ಮೆಟ್ಟಿಲ ಕಡೆ ನೋಡಿದೆವು. ಕೆಳಗೆ ಒಬ್ಬ ಮನುಷ್ಯ ಬಿದ್ದಿದ್ದಾನೆ. ಮೇಲೆ ಇನ್ನೊಬ್ಬರು ಅರ್ಧ ಗಂಟೆಗೊಮ್ಮೆ ಎದ್ದು ಪ್ಲಾಸ್ಟಿಕ್ಕು ಮಗುಚುತ್ತಿದ್ದಾರೆ. ಹೊಡೆದು ಓಡಿಹೋದವರನ್ನು ನಾನು ಎಷ್ಟೋ ಕಂಡಿದ್ದೇನೆ. ಇಂಥವರನ್ನು ಕಂಡಿರಲಿಲ್ಲ.

"ಮೇಡಂ, ನಾನು ಒಪ್ತೇನೆ. ಕೋರ್ಟು ಒಪ್ಪೂದಿಲ್ಲ" ಎಂದರು ಮೋಹನ. "ಅಲ್ಲಿ ಪ್ಲಾಸ್ಟಿಕ್ಕು ಸಾಕ್ಷಿ ಹೇಳೂದಿಲ್ಲ. ನಂಗೆ ಮನುಷ್ಯ ಬೇಕು. ನಾಲ್ಕು ಗಂಟೆ ಒಳಗೆ."

ಬನಿಯನ್ನಿನ ತುಂಡನ್ನು ಪಾಗಾರದ ಮೇಲಿಂದ ಸಣ್ಣಮ್ಮನಿಗೆ ತೋರಿಸಿದೆ. ಅದಕ್ಕೆ ನೀಲಿ ಅಂಚಿತ್ತು. "ಮಾಬ್ಲಣ್ಣ ಹೀಗೆ ಒಣಗಿಸ್ತಿದ್ನಾ?"

"ಇಲ್ಲಪ್ಪ! ಅವ ಗೋಡೆಗೆ ಒರಗಿಸಿ ನಿಲ್ಲಿಸ್ತಿದ್ದ. ಬನಿಯನ್ ಮೇಲೆ ಬೋರಲು ಹಾಕೂದು ಮಿರ್ಜಾನದ ದೇವಪ್ಪಣ್ಣ. ಮಾಬ್ಲಣ್ಣಂಗೆ ಕೆಲಸ ಕಲಿಸಿದವ್ರು. ಇಲ್ಲೇ ಒಟ್ಟಿಗೆ ಕೆಲಸ ಮಾಡ್ತಿದ್ರು, ಇದೇ ವಿಷಯಕ್ಕೆ ದಿನಾ ಕಚ್ಚಾಡೂದು." ಅವಳು ಅಳುವಿನ ನಡುವೆಯೂ ನಕ್ಕಳು. "ಈಗ ಮಾತೇ ಇಲ್ಲ ಅವ್ರೊಳಗೆ. ಎರಡು ವರ್ಷ ಆತು, ಈ ಕಡೆ ಬರ್ಲೇ ಇಲ್ಲ."

ಬರಲೇ ಇಲ್ಲ ಎಂದು ಅವಳ ಲೆಕ್ಕ. ನಿನ್ನೆ ಮಧ್ಯಾಹ್ನ ಅವಳು ಮಾವಳ್ಳಿಯಲ್ಲಿದ್ದಳು.

ಚಂದನಾ ಕೆಳಗೆ ನನ್ನ ಕಾರಿನಲ್ಲಿ ಕಾಯುತ್ತಿದ್ದಳು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಮಿರ್ಜಾನದ ದಾರಿಯಲ್ಲಿ ಕುಮಟೆ ದಾಟಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ಅವ್ರನ್ನ ಬಿಡ್ತಾರಾ ಬಾಯೋರೆ?"

"ಒಬ್ಬ ಮನುಷ್ಯ ಬಾಯಿಬಿಟ್ಟರೆ ಬಿಡುತ್ತಾರೆ."

"ಯಾರು?"

"ಹೋಗಿ ನೋಡೋಣ. ನೀನು ಗಾಡಿಯಲ್ಲೇ ಇರು. ನಾನು ಕೇಳುವ ಕಡೆ ಮನೆಯವರು ಇರಬಾರದು."

ಅದು ನನ್ನ ಹಳೆಯ ಕಟ್ಟಳೆ. ನೊಂದವರು ಎದುರಿಗಿದ್ದರೆ ಹೇಳುವವನು ಅಳತೆ ಮಾಡಿ ಹೇಳುತ್ತಾನೆ. ಮಿರ್ಜಾನದಲ್ಲಿ ರಸ್ತೆಬದಿಯ ಮರದ ನೆರಳಿಗೆ ಕಾರು ನಿಲ್ಲಿಸಿ ನಲವತ್ತು ಹೆಜ್ಜೆ ಒಳಗೆ ನಡೆದೆ. ಮನೆಯ ಹಿಂದೆ ಅಘನಾಶಿನಿ ಹೊಳೆಯಲ್ಲಿ ಭರತದ ನೀರು ಏರುತ್ತಿತ್ತು. ಕೆಸರಿನ ವಾಸನೆ ಅಂಗಳದವರೆಗೂ ಬಂದಿತ್ತು.

ದೇವಪ್ಪ ಜಗಲಿಯ ಮೇಲೆ ಕೂತು ಐಸ್‌ಕ್ರೀಮಿನ ಕಡ್ಡಿಯಿಂದ ಯಾವುದೋ ರೇಡಿಯೋದ ಗುಂಡಿಯ ಕೊಳೆ ಕೆರೆಯುತ್ತಿದ್ದ. ಎಪ್ಪತ್ತು ದಾಟಿದೆ, ಆದರೆ ತೋಳು ಇನ್ನೂ ಗಟ್ಟಿ. ನನ್ನ ಹೆಸರು ಹೇಳಿದೆ. ಮಾಬ್ಲನ ವಿಷಯ ಎಂದೆ.

"ಕೇಳ್ದೆ" ಎಂದ. ಕೆರೆಯುವುದನ್ನು ನಿಲ್ಲಿಸಲಿಲ್ಲ. "ಪೇಪರಿನಲ್ಲಿ ಬಂದದೆ. ಪಾಪ."

"ನೀವು ಹೊನ್ನಾವರಕ್ಕೆ ಹೋಗಿ ಎಷ್ಟು ದಿನವಾಯಿತು ದೇವಪ್ಪಣ್ಣ?"

"ಎರಡು ವರ್ಷದ ಮೇಲಾತು."

ನಾನು ಮೊಬೈಲಿನಲ್ಲಿ ಐದನೆಯ ಫ್ರೇಮಿನ ಫೋಟೋ ತೆಗೆದು ಅವನ ಮುಂದಿಟ್ಟೆ. ಅವನ ಕಡ್ಡಿ ನಿಂತಿತು.

"ಚೆನ್ನಾಗಿ ಬಂದಿದೆ ಅಲ್ಲವಾ?" ಎಂದೆ. "ಮಾಬ್ಲನ ಕೈ ಎಂದರೆ ಕೈ. ಎಡಗಡೆಯ ಮೂಲೆ ಪೂರ್ತಿ ಮುರಿದು ಹೋಗಿತ್ತು. ಎಲ್ಲಿ ಕೂಡಿಸಿದ್ದು ಎಂದೇ ಗೊತ್ತಾಗುವುದಿಲ್ಲ."

"ಮಾಬ್ಲನ ಕೈ!"

ಅವನು ನಕ್ಕ. ಆ ನಗುವಿನಲ್ಲಿ ನಗು ಇರಲಿಲ್ಲ.

"ಅದೇ ಪ್ಲಾಸ್ಟಿಕ್ಕಿನ ಪುಡಿ ಕೆರೆದು, ಥಿನ್ನರಿನಲ್ಲಿ ಕರಗಿಸಿ, ಅಂಟು ಮಾಡಿ, ದಿನಕ್ಕೆ ಒಂದು ಪದರ, ಒಂದೇ ಪದರ ಹಾಕಿ ಆ ಮೂಲೆ ಬೆಳೆಸಿದ್ದು ನಾನು. ಮೂರು ತಿಂಗ್ಳು ಕೂತಿದ್ದೆ. ಭಟ್ಕಳದ ದೊಡ್ಡ ಮನೆ ಸೆಟ್ಟು ಅದು. ಅವ್ರ ಹತ್ರ ಅವ ಎಂತ ಹೇಳ್ದ ಗೊತ್ತುಂಟಾ? ನಾನೇ ಮಾಡಿದ್ದು ಅಂದ. ನನ್ನ ಎದುರಿಗೇ ಅಂದ."

"ಅದಕ್ಕೇ ಮಾತು ಬಿಟ್ಟಿರಾ?"

"ಮತ್ತೆ ಎಂತಕ್ಕೆ ಬಿಡ್ತಾರೆ?"

ಜಗಲಿಯ ಮೂಲೆಯಲ್ಲಿ ಅವನ ಸಾಮಾನಿನ ಪೆಟ್ಟಿಗೆ ತೆರೆದಿತ್ತು. ಅದರ ಮೇಲೆ ಒರೆಸುವ ಬಟ್ಟೆಯಾಗಿ ಅರ್ಧ ಬನಿಯನ್ನು ಬಿದ್ದಿತ್ತು. ನೀಲಿ ಅಂಚಿನದು. ನಾನು ಎದ್ದು ಅದನ್ನೆತ್ತಿ ತಂದು ಅವನ ತೊಡೆಯ ಮೇಲಿಟ್ಟೆ.

"ಇದರ ಇನ್ನರ್ಧ ಎಲ್ಲಿದೆ ದೇವಪ್ಪಣ್ಣ?"

ಅವನು ಬಟ್ಟೆಯನ್ನು ನೋಡಿದ. ನನ್ನನ್ನು ನೋಡಿದ. ಅಂಗಳದಲ್ಲಿ ಬಿಸಿಲಿಗಿಟ್ಟ ಒಂದು ಮುಚ್ಚಳದ ಕಡೆ ಒಮ್ಮೆ ಕಣ್ಣು ಹಾಯಿಸಿದ. ನನಗೆ ಉತ್ತರ ಕೊಡುವ ಮೊದಲು ಎದ್ದು ಹೋಗಿ ಅದನ್ನು ಮಗುಚಿ ಬಂದ.

"ಇನ್ನರ್ಧ ಮಾಬ್ಲನ ಟ್ಯಾಂಕಿನ ನೆರಳಲ್ಲಿದೆ" ಎಂದೆ. "ನಿನ್ನೆ ಒಂದೂವರೆಗೆ ಅದನ್ನು ಅಲ್ಲಿ ಹರವಿದ್ದು ನೀವು. ಇನ್ನು ಪೊಲೀಸರು ಬಂದು ಕೇಳುವ ಮೊದಲು ನನಗೆ ಹೇಳಿ."

ಅವನು ಕಡ್ಡಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ.

"ಮೊನ್ನೆ ಅವ ಫೋನ್ ಮಾಡ್ದ. ಭಟ್ಕಳದ ಸೆಟ್ಟು ಬೆಳ್ಳಗೆ ಮಾಡ್ಲಿಕ್ಕೆ ಬಂದದೆ, ನಾಳೆ ಐದು ಒಟ್ಟಿಗೆ ಬಿಸಿಲಿಗೆ ಇಡ್ತೆ, ನಿನ್ನ ಮೂಲೆ ನೀನೇ ನೋಡ್ಕೋ ಬಾ ಅಂದ. ಹೋದೆ. ಹನ್ನೊಂದೂವರೆ ಆಗಿತ್ತು. ಅವ ಮೆಟ್ಲ ಬುಡದಲ್ಲಿ ಕೂತಿದ್ದ. ಸೊಂಟ ಹಿಡ್ಕೊಂಡು ಒರಲ್ತಿದ್ದ."

"ಬದುಕಿದ್ದ?"

"ಬದುಕಿದ್ದ ಅಂದ್ರೆ? ಬಾಯ್ತುಂಬ ಬೈತಿದ್ದ. ಆ ರಿಕ್ಷಾದವನ ಹತ್ರ ಜಗಳ ಆಡೂವಾಗ ಕಾಲು ಜಾರಿ ಬಿದ್ನಂತೆ. ಅವ ದೂಡ್ಲಿಲ್ಲ, ನಾನೇ ಜಾರಿದ್ದು ಅಂದ. ರಸ್ತೆ ಮೇಲಿದ್ದ ರಿಕ್ಷಾ ಹಿಂದೆ ಮೆಟ್ಲ ಹತ್ರಕ್ಕೇ ತತ್ತೆ, ಆಸ್ಪತ್ರೆಗೆ ಹೋಗುವ ಅಂತ ಅವ ಹೇಳಿ ಹೋಗಿದ್ನಂತೆ. ನಾ ಮಾಬ್ಲನ್ನ ಎಳ್ಕೊಂಡು ಒಳಗೆ ಚಾಪೆ ಮೇಲೆ ಮಲಗಿಸ್ದೆ. ತಲೆಗೆ ಎಂತದೂ ಆಗಿರ್ಲಿಲ್ಲ. ಸೊಂಟ ಮಾತ್ರ."

"ಯಾರನ್ನೂ ಕರೆಯಲಿಲ್ಲವಾ?"

"ರಿಕ್ಷಾ ಬರ್ತದೆ, ನೀ ಮೇಲೆ ಹೋಗಿ ಮಗುಚು, ಬಿಸಿಲು ಹಾಳಾಗ್ತದೆ ಅಂದ. ಅವನೇ ಅಂದ. ಹೋದೆ."

ನಾನು ನಂಬಿದೆ. ಮಾಬ್ಲನನ್ನು ಬಲ್ಲವರು ಯಾರಾದರೂ ಇದನ್ನು ನಂಬುತ್ತಾರೆ. ಸೊಂಟ ಮುರಿದರೂ ಆ ಮನುಷ್ಯ ಮೊದಲು ಕೇಳುವುದು ಬಿಸಿಲನ್ನೇ.

"ಆದರೆ ನೀವು ಒಂದನ್ನು ಮಾತ್ರ ಮಗುಚಿದಿರಿ."

"ಹೌದು."

"ಉಳಿದ ನಾಲ್ಕು ಅಲ್ಲೇ ಪಕ್ಕದಲ್ಲಿದ್ದವು. ನಿಮ್ಮ ಕಣ್ಣೆದುರೇ ಗೀಟು ಬಿದ್ದವು."

"ಅದು ಅವನ ಕೆಲಸ" ಎಂದ ದೇವಪ್ಪ. "ಅವನ ಕೆಲಸ ನಾ ಎಂತಕ್ಕೆ ಮುಟ್ಟಲಿ?"

ಆ ಮಾತನ್ನು ಅವನು ಮೆತ್ತಗೆ ಹೇಳಿದ. ಎರಡು ಗಂಟೆ ಕಾಲ, ಕೈಗೆಟುಕುವಷ್ಟು ಹತ್ತಿರ ಕೂತು, ತನ್ನದನ್ನು ಮಾತ್ರ ಮಗುಚುತ್ತ ಇನ್ನೊಬ್ಬನದು ಹಾಳಾಗುವುದನ್ನು ನೋಡುವುದು. ಆಗಲೇ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಗಡಿಯಾರದ ಮುಳ್ಳಿತ್ತು, ಕಾರಿನಲ್ಲಿ ಬಾಯಾರಿ ಕೂತ ಹುಡುಗಿಯಿದ್ದಳು. ನನಗೆ ಬೇಕಾದ ಮಾತು ಇನ್ನೊಂದೇ ಒಂದು.

"ನೀವು ಹೊರಟದ್ದು ಎಷ್ಟಕ್ಕೆ?"

"ಒಂದೂ ಮುಕ್ಕಾಲು. ತೊಳೆದು, ಒಣಗ್ಲಿಕ್ಕೆ ಹಾಕಿ, ಕೆಳಗೆ ಬಂದೆ. ಚಾಪೆ ಮೇಲೆ ಮಲಗಿದ್ದ. ನೀರು ಕೊಟ್ಟೆ, ಕುಡ್ದ. ನೀ ಬಸ್ಸಿಗೆ ಹೋಗು, ರಿಕ್ಷಾ ಬರ್ತದೆ ಅಂದ."

"ಇದನ್ನು ಸ್ಟೇಷನ್ನಿಗೆ ಬಂದು ಹೇಳುತ್ತೀರಾ? ಬರೆದು ಸಹಿ ಮಾಡುತ್ತೀರಾ?"

"ಎಂತಕ್ಕೆ ಮಾಡ್ಬಾರ್ದು?" ಅವನು ಕೂಡಲೇ ಎದ್ದ. "ಆ ಹುಡುಗ ಸುಮ್ಸುಮ್ನೆ ಒಳಗೆ ಕೂತಾನೆ. ಅಂಗಿ ಹಾಕ್ಕೊಂಡು ಬರ್ತೆ, ಎರಡು ನಿಮಿಷ."

ನಾನು ಅಂಗಳ ದಾಟಿ ಕಾರಿನ ಕಡೆ ಹೆಚ್ಚುಕಡಿಮೆ ಓಡಿದೆ. ಅರವತ್ತೊಂದರ ಮೊಣಕಾಲು ಹಾಗೆ ಓಡಿ ವರ್ಷಗಳಾಗಿದ್ದವು. ಗಂಟೆ ಒಂದಾಗಿತ್ತಷ್ಟೆ. ಎರಡರೊಳಗೆ ಹೊನ್ನಾವರ, ಮೂರರೊಳಗೆ ಹೇಳಿಕೆ. ಒಂದೂ ಮುಕ್ಕಾಲಿಗೆ ಮಾಬ್ಲನ ತಲೆ ಸರಿಯಿತ್ತು. ಮೂರೂವರೆಯವರೆಗೆ ಸಂಜಯ ಹೊನ್ನಾವರದಲ್ಲೇ ಇರಲಿಲ್ಲ. ಡಾಕ್ಟರು ಮೂರರೊಳಗೆ ಅಂದಿದ್ದಾರೆ. ಮ್ಯಾಜಿಸ್ಟ್ರೇಟರು ಇದಕ್ಕಿಂತ ಹೆಚ್ಚು ಏನು ಕೇಳಿಯಾರು?

ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ. ಚಂದನಾ ಹಿಂದಿನ ಸೀಟಿನ ಅಂಚಿಗೆ ಸರಿದಳು.

"ನಿನ್ನ ಗಂಡ ಹೊರಗೆ ಬಂದ ಎಂದೇ ತಿಳಿ" ಎಂದೆ. "ಮಾಬ್ಲ ಹನ್ನೊಂದಕ್ಕೆ ಬಿದ್ದದ್ದು ನಿಜ, ಆದರೆ ಸತ್ತಿರಲಿಲ್ಲ. ಒಂದೂ ಮುಕ್ಕಾಲಿಗೆ ಚಾಪೆಯ ಮೇಲೆ ಮಲಗಿ ನೀರು ಕುಡಿದಿದ್ದಾನೆ. ಕೊಂದವರು ಆಮೇಲೆ ಬಂದವರು. ಸಂಜಯ ಆಗ ಭಟ್ಕಳದಲ್ಲಿದ್ದ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಆಮೇಲೆ ಬಂದವ್ರು" ಎಂದಳು ನಿಧಾನವಾಗಿ.

"ಏನು ಚಂದನಾ?"

"ಬಾಯೋರೆ, ನಾ ನಿಮ್ಗೆ ಒಂದು ಹೇಳ್ಲಿಲ್ಲ." ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಹನ್ನೊಂದಕ್ಕೆ ಅವ್ರು ಹೆದ್ರಿ ಹೋದ್ರು. ಮಾಬ್ಲಣ್ಣಂಗೆ ರಿಕ್ಷಾ ಮೆಟ್ಲ ಹತ್ರ ತತ್ತೆ ಅಂತ ಹೇಳಿ ಬಂದವ್ರು ವಾಪಸ್ ಹೋಗ್ಲಿಲ್ಲ. ದೂಡಿದ್ದು ಅಂತಾರೆ ಜನ ಅಂತ ಹೆದ್ರಿ, ಸಿಕ್ಕಿದ ಬಾಡಿಗೆ ಹಿಡ್ದು ಭಟ್ಕಳಕ್ಕೆ ಹೋದ್ರು. ಅಲ್ಲಿಂದ ಒಂದೂವರೆಗೆ ನಂಗೆ ಫೋನ್ ಮಾಡಿ ಅತ್ರು. ನೀನಾದ್ರೂ ಹೋಗಿ ಅವ್ರನ್ನ ಆಸ್ಪತ್ರೆಗೆ ಸೇರ್ಸು, ನಂದು ತಪ್ಪಾತು ಅಂದ್ರು."

ನನ್ನ ಕೈ ಕಾರಿನ ಕೀಲಿಯ ಮೇಲೆಯೇ ನಿಂತಿತು.

"ನೀನು ಹೋದೆಯಾ?"

"ಹೋದೆ. ಎರಡು ಗಂಟೆಗೆ. ಎದುರು ಬಾಗ್ಲಿಂದ ಹಣಕಿದೆ. ಚಾಪೆ ಇತ್ತು. ಮಾಬ್ಲಣ್ಣ ಇರ್ಲಿಲ್ಲ."

ಹಿಂಬದಿಯ ಮೆಟ್ಟಿಲು ಎದುರು ಬಾಗಿಲಿನಿಂದ ಕಾಣುವುದಿಲ್ಲ. ಅದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

"ನಾ ಕೂಗಿದೆ. ಮೇಲೆ ತಾರಸಿಯಿಂದ ಯಾರೋ ಮಾತಾಡಿದ್ರು. ಬಿಸಿಲು ಕಣ್ಣಿಗೆ ಹೊಡೀತಿತ್ತು, ಮುಖ ಕಾಣ್ಲಿಲ್ಲ. ಮಾಬ್ಲನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಾತು, ನೀ ಮನೆಗೆ ಹೋಗು ತಂಗಿ ಅಂದ್ರು. ನಂಗೆ ಜೀವ ಬಂದ ಹಾಗಾತು. ವಾಪಸ್ ಬಂದೆ. ಸಂಜೆ ಅವ್ರು ಸತ್ತದ್ದು ಕೇಳಿದ್ಮೇಲೆ ಬಾಯಿ ಬಿಡ್ಲಿಕ್ಕೆ ಹೆದ್ರಿಕೆ ಆತು. ಗಂಡನ್ನೂ ಹಿಡಿದ್ರು, ನನ್ನೂ ಹಿಡಿದ್ರೆ ಎಂತ ಮಾಡೂದು?"

"ಯಾರ ಸ್ವರ ಅದು?"

"ಗೊತ್ತಿಲ್ಲ. ವಯಸ್ಸಾದವ್ರು."

ಅಷ್ಟರಲ್ಲಿ ಮನೆಯ ಬಾಗಿಲಿನಿಂದ ದೇವಪ್ಪ ಕೂಗಿ ಹೇಳಿದ.

"ಬಾಯೋರೇ, ಚಿಲಕ ಹಾಕಿ ಬಂದೆ. ನೀವು ಗಾಡಿ ತಿರುಗಿಸಿ!"

ಚಂದನಾಳ ಬೆರಳುಗಳು ಹಿಂದಿನಿಂದ ನನ್ನ ಹೆಗಲಿಗೆ ನಾಟಿಕೊಂಡವು. ಕನ್ನಡಿಯಲ್ಲಿ ಅವಳ ಮುಖ ಕಂಡೆ.

"ಅದೇ ಸ್ವರ" ಎಂದಳು. ಉಸಿರಿನಲ್ಲಿ ಹೇಳಿದಳು.

ಬಿಳಿ ಅಂಗಿ ಹಾಕಿದ ದೇವಪ್ಪ ಅಂಗಳದಲ್ಲಿ ದಣಪೆಯ ಗೇಟಿನ ಕಡೆ ಬರುತ್ತಿದ್ದ. ಅವಸರವಿಲ್ಲದ ನಡಿಗೆ. ದಾರಿಯಲ್ಲಿ ನಿಂತು ಬಿಸಿಲಿಗಿಟ್ಟ ಮುಚ್ಚಳವನ್ನು ಇನ್ನೊಮ್ಮೆ ಮಗುಚಿದ.

ಎರಡು ಗಂಟೆಗೆ ಅವನು ಬಸ್ಸಿನಲ್ಲಿರಲಿಲ್ಲ. ತಾರಸಿಯ ಮೇಲಿದ್ದ. ಮಾಬ್ಲ ಸೊಂಟ ಹಿಡಿದುಕೊಂಡೇ ಹತ್ತಿ ಹಾಳಾದ ನಾಲ್ಕನ್ನು ಕಂಡಿರಬೇಕು, ಎರಡಕ್ಕಾಗಲೇ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದಿರಬೇಕು. ಈ ಮನುಷ್ಯನ ಬಾಯಿಂದ ಮುಕ್ಕಾಲು ಗಂಟೆಯಿಂದ ಕೇಳಿದ್ದನ್ನೆಲ್ಲ ನಾನು ಹಸಿದವಳ ಹಾಗೆ ನುಂಗಿದ್ದೆ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

"ಇಳಿ" ಎಂದೆ ಚಂದನಾಳಿಗೆ. "ಆಚೆ ಬಾಗಿಲಿನಿಂದ ಇಳಿದು ರಸ್ತೆಗೆ ಹೋಗು. ನಾನು ಮೋಹನನಿಗೆ ಫೋನ್ ಮಾಡುತ್ತೇನೆ."

"ಬೇಡ."

"ಚಂದನಾ!"

"ಬೇಡ ಬಾಯೋರೆ. ಅವ ಕೊಂದವ ಅಂತ ನೀವು ಹೇಳಿದ್ರೆ ಅವನ ಮಾತು ಯಾರು ನಂಬ್ತಾರೆ? ಮಾಬ್ಲಣ್ಣ ಒಂದೂ ಮುಕ್ಕಾಲಿಗೆ ಬದುಕಿದ್ದ ಅಂತ ಹೇಳುವವ ಇವನೊಬ್ಬನೇ ಅಲ್ದಾ?" ಅವಳ ಉಗುರು ನನ್ನ ಹೆಗಲಿಗೆ ಇನ್ನೂ ಆಳಕ್ಕೆ ಹೋಯಿತು. "ಅವ ಸ್ಟೇಷನ್ನಿಗೆ ಬರ್ಲಿ. ಸಹಿ ಮಾಡ್ಲಿ. ನನ್ನ ಗಂಡ ಹೊರಗೆ ಬರ್ಲಿ. ಅಲ್ಲೀವರೆಗೆ ನಾ ಆ ಸ್ವರ ಕೇಳ್ಲೇ ಇಲ್ಲ. ನೀವೂ ಸುಮ್ನಿರಿ. ನಿಮ್ಮ ಕಾಲಿಗೆ ಬೀಳ್ತೆ."

ದೇವಪ್ಪನ ನಲವತ್ತು ಹೆಜ್ಜೆಯಲ್ಲಿ ಹತ್ತೇ ಉಳಿದಿದ್ದವು. ನಾನು ಕೀಲಿ ತಿರುಗಿಸಿದೆ. ಎಂಜಿನ್ನು ಕೆಮ್ಮಿ ಶುರುವಾಯಿತು.

ಮುಂದಿನ ಸೀಟು ಖಾಲಿ ಇತ್ತು. ದೇವಪ್ಪ ಅದರ ಬಾಗಿಲಿಗೆ ಕೈ ಹಾಕಲಿಲ್ಲ. ಹಿಂದಿನ ಬಾಗಿಲು ತೆಗೆದು, ಪಂಚೆ ಮಡಚಿ, ಚಂದನಾಳ ಪಕ್ಕದಲ್ಲಿ ಕೂತು, ಬಾಗಿಲು ಎಳೆದುಕೊಂಡ. ಥಿನ್ನರಿನ ವಾಸನೆ ಕಾರಿನ ತುಂಬ ಹರಡಿತು.

"ನಡೀರಿ ಬಾಯೋರೆ, ಹೊತ್ತಾತು" ಎಂದ. ಆಮೇಲೆ ಪಕ್ಕಕ್ಕೆ ತಿರುಗಿ ಅವಳ ಮುಖವನ್ನು ಸಾವಕಾಶವಾಗಿ, ಒಂದೊಂದೇ ಅಂಚು ಹಿಡಿದು ನೋಡಿದ.

"ಎಂತ ತಂಗಿ, ನಿನ್ನೆ ಮನೆಗೆ ಸರಿಯಾಗಿ ಹೋಗಿ ಮುಟ್ಟಿದ್ಯಾ?"